ಹಳ್ಳಿಯ ಆರೋಗ್ಯ: ಹೊಣೆ ಪಂಚಾಯತಿಗೆ, ಹಿಡಿತ ಯಾರಿಗೆ?

ಮಳೆಗಾಲದ ಆರಂಭದಲ್ಲಿ ಒಂದು ಊರಿನಲ್ಲಿ ಜ್ವರ ಕಾಣಿಸಿಕೊಂಡಿದೆ ಎಂದುಕೊಳ್ಳೋಣ. ಆಶಾ ಕಾರ್ಯಕರ್ತೆ ಮನೆ ಮನೆಗೆ ಹೋಗಿ ಡ್ರಮ್ಮು, ಸಿಮೆಂಟು ತೊಟ್ಟಿಗಳನ್ನು ಪರೀಕ್ಷಿಸುತ್ತಾರೆ. ಹಲವು ಮನೆಗಳಲ್ಲಿ ಈಡಿಸ್ ಸೊಳ್ಳೆಯ ಲಾರ್ವಾಗಳು ಸಿಗುತ್ತವೆ. ಈ ವರದಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಅಲ್ಲಿಂದ ತಾಲ್ಲೂಕಿಗೂ ಜಿಲ್ಲೆಗೂ ಹೋಗುತ್ತದೆ. ಮೇಲಿನಿಂದ 'ನೀರನ್ನು ಹೆಚ್ಚು ದಿನ ಶೇಖರಿಸಿಡಬೇಡಿ' ಎಂಬ ಕರಪತ್ರ ಬರುತ್ತದೆ. ಆದರೆ ಆ ಊರಿಗೆ ನಲ್ಲಿ ನೀರು ಬರುವುದೇ ಎಂಟು ಹತ್ತು ದಿನಕ್ಕೊಮ್ಮೆ! ಬೆಚ್ಚಗಿನ ಹವೆಯಲ್ಲಿ ಈಡಿಸ್ ಮೊಟ್ಟೆಯು ಹಾರುವ ಸೊಳ್ಳೆಯಾಗಲು ಬೇಕಾಗುವ ಅವಧಿಯೂ ಸರಿಸುಮಾರು ಅಷ್ಟೇ. ನೀರನ್ನು ಐದು ದಿನಕ್ಕೊಮ್ಮೆ ಬಿಡುವಂತಾಗಿ, ಪ್ರತಿ ಸಲ ಪಾತ್ರೆಗಳನ್ನು ಉಜ್ಜಿ ತೊಳೆದರೆ ಸೊಳ್ಳೆಯ ಜೀವನಚಕ್ರ ತುಂಡಾಗುತ್ತದೆ. ನೀರು ಬಿಡುವ ವಾಲ್ವ್ ಇರುವುದು ನೀರುಗಂಟಿಯ ಕೈಯಲ್ಲಿ. ನೀರುಗಂಟಿ ಗ್ರಾಮ ಪಂಚಾಯತಿಯ ನೌಕರ. ಅಂದರೆ ರೋಗದ ಮಾಹಿತಿ ಒಂದು ಕಡೆ ಇದೆ, ಅದನ್ನು ತಡೆಯುವ ಉಪಾಯ ಮತ್ತೊಂದು ಕಡೆ ಇದೆ. ಎರಡೂ ಒಂದೇ ಊರಿನಲ್ಲಿದ್ದರೂ ಅವು ಭೇಟಿಯಾಗಬೇಕಾದರೆ ಕಾಗದ ಜಿಲ್ಲಾ ಕೇಂದ್ರಕ್ಕೆ ಹೋಗಿ ಬರಬೇಕು.

ಆರೋಗ್ಯ ಸೇವೆಯ ವಿಕೇಂದ್ರೀಕರಣ ಎಂಬ ದೊಡ್ಡ ಮಾತಿನ ತಿರುಳು ಈ ಚಿಕ್ಕ ಉದಾಹರಣೆಯಲ್ಲಿದೆ. ಕಳೆದ ನಾಲ್ಕು ದಶಕಗಳಲ್ಲಿ ಈ ಬಗ್ಗೆ ಕಾನೂನು, ಸಮಿತಿ, ವರದಿ, ಮಾರ್ಗಸೂಚಿಗಳಿಗೆ ನಮ್ಮಲ್ಲಿ ಕೊರತೆಯಾಗಿಲ್ಲ. ಆದರೂ ಹಳ್ಳಿಯ ಆರೋಗ್ಯ ವ್ಯವಸ್ಥೆಯ ಮೇಲೆ ಹಳ್ಳಿಯವರ ಹಿಡಿತ ಏಕೆ ಬಿಗಿಯಾಗಿಲ್ಲ? ಈ ಪ್ರಶ್ನೆಯನ್ನು ಕರ್ನಾಟಕದ ಅನುಭವದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಹಳೆಯ ಆಶಯ

ಹಳ್ಳಿಗರನ್ನು ಒಳಗೊಳ್ಳುವ ಆಶಯ ಹೊಸದೇನಲ್ಲ. ಸ್ವಾತಂತ್ರ್ಯಕ್ಕೆ ಮುನ್ನವೇ, 1946ರಲ್ಲಿ ವರದಿ ನೀಡಿದ ಭೋರ್ ಸಮಿತಿಯು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಜೊತೆಗೆ ಗ್ರಾಮ ಆರೋಗ್ಯ ಸಮಿತಿಗಳ ಮಾತನ್ನೂ ಆಡಿತ್ತು. 1952ರಲ್ಲಿ ಆರಂಭವಾದ ಸಮುದಾಯ ಅಭಿವೃದ್ಧಿ ಕಾರ್ಯಕ್ರಮದೊಂದಿಗೆ ಕೇಂದ್ರಗಳೇನೋ ಬಂದವು, ಸಮಿತಿಗಳು ಹಿಂದುಳಿದವು. 1978ರ ಆಲ್ಮಾ ಅಟಾ ಘೋಷಣೆಯು ಆರೋಗ್ಯ ಸೇವೆಯ ಯೋಜನೆಯಲ್ಲೂ ಅನುಷ್ಠಾನದಲ್ಲೂ ಪಾಲ್ಗೊಳ್ಳುವುದು ಜನರ ಹಕ್ಕು ಮತ್ತು ಕರ್ತವ್ಯ ಎಂದು ಸಾರಿತು. ಭಾರತವೂ ಅದನ್ನು ಒಪ್ಪಿತು.

ಕರ್ನಾಟಕದಲ್ಲಿ ಮಾತು ಕೃತಿಗಿಳಿದದ್ದು 1983ರ ಜಿಲ್ಲಾ ಪರಿಷತ್ ಮತ್ತು ಮಂಡಲ ಪಂಚಾಯತಿ ಕಾಯಿದೆಯ ಮೂಲಕ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಇದರ ರೂವಾರಿ. ಹಳ್ಳಿಗಳಲ್ಲಿ ಕೊಳವೆ ಬಾವಿ ತೋಡಿಸಿ ಜನರಿಂದ 'ನೀರ್ ಸಾಬ್' ಎಂದು ಕರೆಸಿಕೊಂಡವರು ಅವರು. 1987ರ ಚುನಾವಣೆಯ ನಂತರ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಜಿಲ್ಲಾ ಪರಿಷತ್ತಿನ ಆಡಳಿತಕ್ಕೆ ಬಂದವು. ಕೆ.ಎಸ್. ಕೃಷ್ಣಸ್ವಾಮಿ ಅವರ ಅಧ್ಯಕ್ಷತೆಯ ಸಮಿತಿ 1989ರಲ್ಲಿ ಈ ವ್ಯವಸ್ಥೆಯ ಮೌಲ್ಯಮಾಪನ ಮಾಡಿದಾಗ, ಶಿಕ್ಷಕರ ಹಾಗೂ ಆರೋಗ್ಯ ಸಿಬ್ಬಂದಿಯ ಹಾಜರಾತಿ ಸುಧಾರಿಸಿದ್ದು ಕಂಡುಬಂತು. ಕಾರಣ ಸರಳವಾಗಿದೆ. ವೈದ್ಯರು ಬಂದಿಲ್ಲವೆಂದು ಹೇಳಲು ಜನ ಬೆಂಗಳೂರಿನವರೆಗೆ ಹೋಗಬೇಕಾಗಿರಲಿಲ್ಲ, ತಮ್ಮ ಪ್ರತಿನಿಧಿಯ ಮನೆಯ ಜಗಲಿಯವರೆಗೆ ಹೋದರೆ ಸಾಕಾಗಿತ್ತು. ರಿಚರ್ಡ್ ಕ್ರೂಕ್ ಮತ್ತು ಜೇಮ್ಸ್ ಮ್ಯಾನರ್ 1998ರ ತಮ್ಮ ಗ್ರಂಥದಲ್ಲಿ ಬಾಂಗ್ಲಾದೇಶ, ಘಾನಾ, ಐವರಿ ಕೋಸ್ಟ್‌ಗಳೊಡನೆ ಹೋಲಿಸಿ ಕರ್ನಾಟಕದ ಪ್ರಯೋಗವೇ ಮೇಲು ಎಂದು ಗುರುತಿಸಿದರು.

ಆದರೆ 1992ರ ಆರಂಭದಲ್ಲಿ ಈ ಸಂಸ್ಥೆಗಳ ಅವಧಿ ಮುಗಿದು, ಹೊಸ ಚುನಾವಣೆ ನಡೆಯದೆ ಆಡಳಿತಾಧಿಕಾರಿಗಳ ಕೈಗೆ ಹೋದವು. ಇಂಥ ಸ್ಥಿತಿ ಮರುಕಳಿಸಬಾರದೆಂದೇ ಸಂವಿಧಾನದ 73ನೆಯ ತಿದ್ದುಪಡಿ ಬಂತು. 1993ರ ಏಪ್ರಿಲ್ 24ರಂದು ಜಾರಿಯಾದ ಈ ತಿದ್ದುಪಡಿಯ ಹನ್ನೊಂದನೆಯ ಅನುಸೂಚಿಯಲ್ಲಿ 29 ವಿಷಯಗಳಿವೆ. ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಔಷಧಾಲಯಗಳೂ ಸೇರಿದ ಆರೋಗ್ಯ ಮತ್ತು ನೈರ್ಮಲ್ಯ ಅವುಗಳಲ್ಲಿ 23ನೆಯದು. ಕುಟುಂಬ ಕಲ್ಯಾಣ 24ನೆಯದು. ಅದೇ ವರ್ಷ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮವೂ ಜಾರಿಗೆ ಬಂತು.

ಕೆಲಸ, ಹಣ, ಸಿಬ್ಬಂದಿ

ವಿಕೇಂದ್ರೀಕರಣ ಎಂಬ ಒಂದೇ ಪದದೊಳಗೆ ಮೂರು ಬೇರೆ ಬೇರೆ ಸಂಗತಿಗಳು ಅಡಗಿವೆ. ರಾಜಧಾನಿಯ ಕಚೇರಿಯ ಕೆಲಸವನ್ನು ಅದೇ ಇಲಾಖೆಯ ಜಿಲ್ಲಾ ಕಚೇರಿಗೆ ಹಂಚುವುದು ಮೊದಲನೆಯದು. ನಿರ್ದಿಷ್ಟ ಕೆಲಸವೊಂದನ್ನು ಬೇರೊಂದು ಸಂಸ್ಥೆಗೆ ವಹಿಸುವುದು ಎರಡನೆಯದು. ಜನರಿಗೆ ಉತ್ತರ ಹೇಳಬೇಕಾದ ಚುನಾಯಿತ ಸ್ಥಳೀಯ ಸಂಸ್ಥೆಗೆ ತೀರ್ಮಾನದ ಅಧಿಕಾರವನ್ನೇ ಹಸ್ತಾಂತರಿಸುವುದು ಮೂರನೆಯದು. ಸಂವಿಧಾನದ ಆಶಯ ಮೂರನೆಯದು. ಆರೋಗ್ಯ ಕ್ಷೇತ್ರದಲ್ಲಿ ನಡೆದದ್ದು ಬಹುಮಟ್ಟಿಗೆ ಮೊದಲನೆಯದು.

ಹಸ್ತಾಂತರ ನಿಜವಾಗಬೇಕಾದರೆ ಕೆಲಸ, ಹಣ, ಸಿಬ್ಬಂದಿ ಮೂರೂ ಒಟ್ಟಿಗೆ ಕೆಳಗಿಳಿಯಬೇಕು. ನಮ್ಮಲ್ಲಿ ಇವು ಮೂರು ದಾರಿ ಹಿಡಿದಿವೆ. ಕಾಯಿದೆಯ ಪ್ರಕಾರ ಆರೋಗ್ಯ ಪಂಚಾಯತಿಯ ಕೆಲಸ. ಜಿಲ್ಲಾ ಪಂಚಾಯತಿಯಲ್ಲಿ ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿಯೂ ಇದೆ. ಆದರೆ ವೈದ್ಯರ ನೇಮಕಾತಿ, ವರ್ಗಾವಣೆ, ಬಡ್ತಿ ರಾಜ್ಯ ಮಟ್ಟದಲ್ಲಿ ನಡೆಯುತ್ತವೆ. ಹಣದಲ್ಲಿ ದೊಡ್ಡ ಪಾಲು ಸಂಬಳ. ಉಳಿದುದು ಯಾವ ಲೆಕ್ಕ ಶೀರ್ಷಿಕೆಯಲ್ಲಿ ಬಂತೋ ಅದಕ್ಕೇ ಖರ್ಚಾಗಬೇಕು. ಹೀಗಿರುವಾಗ ಸ್ಥಾಯಿ ಸಮಿತಿಯ ಸದಸ್ಯರು ತೀರ್ಮಾನಿಸಬಹುದಾದ ವಿಷಯಗಳು ಎಷ್ಟು ಉಳಿದಾವು?

2005ರ ಏಪ್ರಿಲ್‌ನಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಈ ದಿಸೆಯಲ್ಲಿ ದೊಡ್ಡ ಹೆಜ್ಜೆ. ಸಾವಿರ ಜನಸಂಖ್ಯೆಗೊಬ್ಬ ಆಶಾ ಕಾರ್ಯಕರ್ತೆ, ಗ್ರಾಮಕ್ಕೊಂದು ಆರೋಗ್ಯ ಮತ್ತು ನೈರ್ಮಲ್ಯ ಸಮಿತಿ, ಕೇಂದ್ರಕ್ಕೊಂದು ರೋಗಿ ಕಲ್ಯಾಣ ಸಮಿತಿ, ಈ ಎಲ್ಲ ಹಂತಗಳಿಗೂ ಮುಕ್ತ ನಿಧಿ, ಇವು ಅದರ ಕೊಡುಗೆಗಳು. ನಮ್ಮ ರಾಜ್ಯದಲ್ಲಿ ರೋಗಿ ಕಲ್ಯಾಣ ಸಮಿತಿಗೆ ಆರೋಗ್ಯ ರಕ್ಷಾ ಸಮಿತಿ ಎಂಬ ಹೆಸರಾಯಿತು. 2007ರಿಂದ ಕರ್ನಾಟಕವೂ ಸೇರಿ ಒಂಬತ್ತು ರಾಜ್ಯಗಳಲ್ಲಿ ಸಮುದಾಯವೇ ಆರೋಗ್ಯ ಸೇವೆಗಳ ಉಸ್ತುವಾರಿ ನಡೆಸುವ ಪ್ರಾಯೋಗಿಕ ಯೋಜನೆಯೂ ನಡೆಯಿತು. ಇವುಗಳಿಂದ ಉಪಯೋಗವಾಗಿಲ್ಲವೆಂದು ಯಾರೂ ಹೇಳಲಾರರು. ಪ್ರಶ್ನೆ ಇರುವುದು ರಚನೆಯಲ್ಲಿ.

ಮೊದಲನೆಯದಾಗಿ, ಜಿಲ್ಲಾ ಪಂಚಾಯತಿ ಇದ್ದಾಗಲೂ ಅಭಿಯಾನದ ಹಣಕ್ಕಾಗಿ ಜಿಲ್ಲಾ ಆರೋಗ್ಯ ಸಂಘ ಎಂಬ ಪ್ರತ್ಯೇಕ ನೋಂದಾಯಿತ ಸಂಸ್ಥೆ ಬಂತು. ಅದರಲ್ಲಿ ಪಂಚಾಯತಿಯ ಪ್ರತಿನಿಧಿಗಳಿಗೆ ಸ್ಥಾನವಿದೆ ನಿಜ. ಆದರೆ ಹಣದ ಲೆಕ್ಕವು ಪಂಚಾಯತಿಯ ಆಯವ್ಯಯದೊಳಗೆ ಹಾಯದಿದ್ದರೆ ಅದು ಪಂಚಾಯತಿಯ ಸಭೆಯಲ್ಲಿ ಚರ್ಚೆಗೂ ಬರುವುದಿಲ್ಲ. ಒಂದೇ ಜಿಲ್ಲೆಯ ಆರೋಗ್ಯಕ್ಕೆ ಎರಡು ಖಾತೆ, ಎರಡು ಯೋಜನೆ, ಎರಡು ವರದಿ ಆದಂತಾಯಿತು.

ಎರಡನೆಯದು ನಿಧಿಯ ಗಾತ್ರ. ಅಭಿಯಾನದ ಮೂಲ ಚೌಕಟ್ಟಿನಲ್ಲಿ ಗ್ರಾಮ ಸಮಿತಿಗೆ ವರ್ಷಕ್ಕೆ 10,000 ರೂಪಾಯಿ ನಿಗದಿಯಾಗಿತ್ತು. 1,500 ಜನರ ಊರಿನಲ್ಲಿ ಇದು ತಲೆಗೆ 7 ರೂಪಾಯಿಗಿಂತ ಕಡಿಮೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮುಕ್ತ ನಿಧಿ 25,000, ವಾರ್ಷಿಕ ನಿರ್ವಹಣೆಗೆ 50,000, ಸಮಿತಿಗೆ 1,00,000, ಹೀಗೆ ಒಟ್ಟು 1,75,000 ರೂಪಾಯಿ. 30,000 ಜನಸಂಖ್ಯೆಗೆ ಹಂಚಿದರೆ ತಲೆಗೆ 6 ರೂಪಾಯಿಯೂ ಆಗದು. 2013ರಲ್ಲಿ ಹೊರಬಂದ ಸಮಿತಿಗಳ ಹೊಸ ಮಾರ್ಗಸೂಚಿಯಲ್ಲೂ ಗ್ರಾಮದ ಮೊತ್ತ ಅದೇ 10,000. ಈ ಎಂಟು ವರ್ಷಗಳಲ್ಲಿ ಬೆಲೆಗಳು ಸುಮಾರು ಇಮ್ಮಡಿಯಾಗಿದ್ದವು. ಅಂದರೆ ಅಂಕಿ ಬದಲಾಗದೆಯೇ ನಿಧಿ ಅರ್ಧಕ್ಕಿಳಿದಿತ್ತು. ಜೊತೆಗೆ, ಮುಕ್ತ ನಿಧಿಯನ್ನು ಯಾವುದಕ್ಕೆ ಬಳಸಬೇಕೆಂದು ಮೇಲಿನಿಂದ ಸುತ್ತೋಲೆ ಬಂದರೆ ಅದು ಹೆಸರಿಗಷ್ಟೇ ಮುಕ್ತ. ಬೀಗದ ಕೈಯನ್ನು ತಮ್ಮಲ್ಲೇ ಇಟ್ಟುಕೊಂಡು ಪೆಟ್ಟಿಗೆಯನ್ನು ಮಾತ್ರ ಕೊಟ್ಟ ಹಾಗೆ.

ಮೂರನೆಯದು ಹೊಣೆಗಾರಿಕೆಯ ಸರಪಳಿ. 2013ರ ಮಾರ್ಗಸೂಚಿಯಂತೆ ಗ್ರಾಮ ಸಮಿತಿಗೆ ಪಂಚಾಯತಿಯ ಚುನಾಯಿತ ಸದಸ್ಯರು, ಮಹಿಳೆಯಾದರೆ ಮೇಲು, ಅಧ್ಯಕ್ಷರು. ಆಶಾ ಕಾರ್ಯಕರ್ತೆ ಸದಸ್ಯ ಕಾರ್ಯದರ್ಶಿ. ಉಪಕೇಂದ್ರದ ಸೇವೆ ಸರಿಯಿದೆಯೇ ಎಂದು ನೋಡುವುದು ಸಮಿತಿಯ ಕೆಲಸಗಳಲ್ಲೊಂದು. ಆದರೆ ಆಶಾ ಕಾರ್ಯಕರ್ತೆಯ ಕೆಲಸವನ್ನು ದೃಢೀಕರಿಸಿ ಪ್ರೋತ್ಸಾಹಧನಕ್ಕೆ ದಾರಿ ಮಾಡಿಕೊಡುವವರು ಅದೇ ಉಪಕೇಂದ್ರ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರದವರು. ತನ್ನ ಗಳಿಕೆಗೆ ಸಹಿ ಹಾಕಬೇಕಾದವರ ತಪ್ಪನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ ಎಂದು ಊರಿನ ಬಡ ಹೆಣ್ಣುಮಗಳೊಬ್ಬರಿಗೆ ಹೇಳುವುದು ನ್ಯಾಯವಲ್ಲ, ಕಾರ್ಯಸಾಧುವೂ ಅಲ್ಲ.

ಅಳತೆಯ ಪ್ರಶ್ನೆ

ಈ ಚರ್ಚೆಯಲ್ಲಿ ಕೇರಳವನ್ನು ಉದಾಹರಿಸುವುದು ವಾಡಿಕೆ. 1996ರಲ್ಲಿ ಆರಂಭವಾದ ಜನತಾ ಯೋಜನೆಯಲ್ಲಿ ಆ ರಾಜ್ಯ ತನ್ನ ಯೋಜನಾ ವೆಚ್ಚದ ಶೇ. 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟಿತು. ಪ್ರಾಥಮಿಕ ಆರೋಗ್ಯ ಕೇಂದ್ರ ಗ್ರಾಮ ಪಂಚಾಯತಿಯ ವಶಕ್ಕೆ ಬಂತು. 2008ರ ಉಪಶಾಮಕ ಆರೈಕೆ ನೀತಿಯ ನಂತರ, ಹಾಸಿಗೆ ಹಿಡಿದ ರೋಗಿಗಳ ಮನೆಗೇ ಹೋಗಿ ಆರೈಕೆ ಮಾಡುವ ವ್ಯವಸ್ಥೆ ಪಂಚಾಯತಿಗಳ ಮೂಲಕ ಬೆಳೆಯಿತು. ಕೇರಳ ಮಾಡಿದ್ದನ್ನು ನಾವೇಕೆ ಮಾಡಬಾರದು ಎಂಬುದು ಸಹಜ ಪ್ರಶ್ನೆ.

ಇಲ್ಲಿ ಹೆಚ್ಚಾಗಿ ಗಮನಕ್ಕೆ ಬಾರದ ಒಂದು ಅಂಶವಿದೆ. ಕೇರಳದಲ್ಲಿರುವುದು 941 ಗ್ರಾಮ ಪಂಚಾಯತಿಗಳು. ಒಂದೊಂದರ ಸರಾಸರಿ ಜನಸಂಖ್ಯೆ 25 ಸಾವಿರಕ್ಕೂ ಮೇಲೆ. ಬಯಲು ಪ್ರದೇಶದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನಿಗದಿಯಾದ ಜನಸಂಖ್ಯೆ 30 ಸಾವಿರ. ಅಂದರೆ ಅಲ್ಲಿ ಪಂಚಾಯತಿ ಮತ್ತು ಆರೋಗ್ಯ ಕೇಂದ್ರದ ವ್ಯಾಪ್ತಿ ಹೆಚ್ಚುಕಡಿಮೆ ಒಂದೇ. ಕರ್ನಾಟಕದಲ್ಲಿ ಹಾಗಿಲ್ಲ. ಸುಮಾರು ಆರು ಸಾವಿರ ಗ್ರಾಮ ಪಂಚಾಯತಿಗಳಿರುವ ನಮ್ಮಲ್ಲಿ ಒಂದರ ಜನಸಂಖ್ಯೆ ಸರಾಸರಿ 6 ಸಾವಿರದ ಆಸುಪಾಸು. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ ಹಲವು ಪಂಚಾಯತಿಗಳು ಬರುತ್ತವೆ. ಯಾವ ಪಂಚಾಯತಿಯೂ ಅದನ್ನು ತನ್ನದೆನ್ನಲು ಆಗದು. ಜಿಲ್ಲಾ ಪಂಚಾಯತಿಗೋ ಅದು ಹತ್ತಾರು ಕೇಂದ್ರಗಳಲ್ಲಿ ಒಂದು ಮಾತ್ರ.

ಆದರೆ ಉಪಕೇಂದ್ರದ ಮಾನದಂಡ 5 ಸಾವಿರ, ಗುಡ್ಡಗಾಡಿನಲ್ಲಿ 3 ಸಾವಿರ. ನಮ್ಮ ಪಂಚಾಯತಿಯ ಅಳತೆಗೆ ಹೊಂದುವುದು ಇದೇ! ಆದ್ದರಿಂದ ಕರ್ನಾಟಕದಲ್ಲಿ ಸ್ಥಳೀಯ ನಿರ್ವಹಣೆಯ ಸಹಜ ಘಟಕ ಉಪಕೇಂದ್ರವೇ ಹೊರತು ಪ್ರಾಥಮಿಕ ಆರೋಗ್ಯ ಕೇಂದ್ರವಲ್ಲ. 2018ರಿಂದ ಉಪಕೇಂದ್ರಗಳು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾಗಿ ಮೇಲ್ದರ್ಜೆಗೇರತೊಡಗಿದವು. 2023ರಲ್ಲಿ ಕೇಂದ್ರ ಸರ್ಕಾರ ಅವುಗಳಿಗೆ ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಹೆಸರಿಟ್ಟಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ತಪಾಸಣೆ ಈಗ ಅಲ್ಲಿಯೇ ಆಗಬೇಕು. ತಿಂಗಳು ತಿಂಗಳೂ ಔಷಧಿ ಬೇಕಾಗುವ ಇಂಥ ಕಾಯಿಲೆಗಳಿಗೆ ಹತ್ತಿರದ ಕೇಂದ್ರವೂ, ಅದು ತೆರೆದಿದೆಯೇ ಎಂದು ಕೇಳುವ ಹತ್ತಿರದ ಪಂಚಾಯತಿಯೂ ಬೇಕು. ಉಪಕೇಂದ್ರಗಳ ಗಡಿಯನ್ನು ಗ್ರಾಮ ಪಂಚಾಯತಿಗಳ ಗಡಿಗೆ ಹೊಂದಿಸುವುದು ದುಬಾರಿ ಕೆಲಸವೇನಲ್ಲ. ನಕ್ಷೆ ಮತ್ತು ಇಚ್ಛೆ ಇದ್ದರೆ ಸಾಕು.

ಎಲ್ಲವನ್ನೂ ಕೆಳಗಿಳಿಸಬೇಕೇ?

ವಿಕೇಂದ್ರೀಕರಣವನ್ನು ಸರ್ವರೋಗಕ್ಕೂ ಮದ್ದೆಂದು ಭಾವಿಸುವುದೂ ತಪ್ಪು. ಫಿಲಿಪೀನ್ಸ್ ದೇಶ 1991ರ ಸ್ಥಳೀಯ ಸರ್ಕಾರ ಸಂಹಿತೆಯ ಮೂಲಕ ಆಸ್ಪತ್ರೆಗಳನ್ನು ಪ್ರಾಂತಗಳಿಗೂ ಗ್ರಾಮೀಣ ಆರೋಗ್ಯ ಘಟಕಗಳನ್ನು ಪುರಸಭೆಗಳಿಗೂ ಒಂದೇ ಸಲಕ್ಕೆ ವಹಿಸಿಬಿಟ್ಟಿತು. ಹಳ್ಳಿಯ ಘಟಕದಿಂದ ಆಸ್ಪತ್ರೆಗೆ ರೋಗಿಯನ್ನು ಕಳುಹಿಸುವ ಕೊಂಡಿ ಕಳಚಿಕೊಂಡಿತು. ಶ್ರೀಮಂತ ಪುರಸಭೆಗೂ ಬಡ ಪುರಸಭೆಗೂ ಅಂತರ ಬೆಳೆಯಿತು. ಕೊನೆಗೆ 2019ರ ಸಾರ್ವತ್ರಿಕ ಆರೋಗ್ಯ ಕಾಯಿದೆಯಲ್ಲಿ ಈ ಘಟಕಗಳನ್ನು ಪ್ರಾಂತ ಮಟ್ಟದಲ್ಲಿ ಮತ್ತೆ ಜೋಡಿಸುವ ಪ್ರಯತ್ನ ಮಾಡಬೇಕಾಯಿತು.

ಆದ್ದರಿಂದ ಯಾವ ಕೆಲಸ ಎಲ್ಲಿರಬೇಕು ಎಂಬುದನ್ನು ಆ ಕೆಲಸದ ಸ್ವಭಾವದಿಂದಲೇ ನಿರ್ಧರಿಸಬೇಕು. ಔಷಧ ಖರೀದಿಯಲ್ಲಿ ದೊಡ್ಡ ಪ್ರಮಾಣಕ್ಕೆ ಕಡಿಮೆ ಬೆಲೆ ಸಿಗುತ್ತದೆ, ಗುಣಮಟ್ಟ ಪರೀಕ್ಷೆಯೂ ಸುಲಭ. ಅದು ರಾಜ್ಯದಲ್ಲಿಯೇ ಇರಲಿ. ಲಸಿಕೆಯ ಶೀತಲ ಸರಪಳಿ, ರೋಗ ಪತ್ತೆಯ ಪ್ರಯೋಗಾಲಯ, ಸಿಬ್ಬಂದಿಯ ತರಬೇತಿ ಮತ್ತು ಸಂಬಳವೂ ಹಾಗೆಯೇ. ಮಂಗನ ಕಾಯಿಲೆಯ ವೈರಸ್ಸನ್ನು ಪತ್ತೆಮಾಡಲು ಸುಸಜ್ಜಿತ ಪ್ರಯೋಗಾಲಯ ಬೇಕು. ಆದರೆ ಕಾಡಿನಂಚಿನಲ್ಲಿ ಮಂಗ ಸತ್ತು ಬಿದ್ದಿರುವುದನ್ನು ಮೊದಲು ನೋಡುವವರು ದರಗು ತರಲು ಹೋದ ಊರಿನವರು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಆ ರೋಗ ಗುರುತಿಸಲ್ಪಟ್ಟಾಗಲೂ ಮಂಗಗಳ ಸಾವೇ ಮುನ್ಸೂಚನೆಯಾಗಿತ್ತು. ಸುದ್ದಿ ಕೆಳಗಿನಿಂದ ಮೇಲಕ್ಕೆ, ಪರಿಣತಿ ಮೇಲಿನಿಂದ ಕೆಳಕ್ಕೆ ಬೇಗ ಹರಿಯುವಂತೆ ಮಾಡುವುದೇ ಜಾಣತನ.

ಕುಡಿಯುವ ನೀರಿನ ವಿಷಯವೂ ಇಂಥದೇ. ನಲ್ಲಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬುದು ಮಾನಕ. ಬ್ಲೀಚಿಂಗ್ ಪೌಡರ್ ಕೊಳ್ಳುವುದು ಪಂಚಾಯತಿ. ಚೀಲ ಬಿಚ್ಚಿ ತೇವದಲ್ಲಿಟ್ಟರೆ ಅದು ದಿನದಿನಕ್ಕೆ ಸತ್ವ ಕಳೆದುಕೊಳ್ಳುತ್ತದೆ. ಪುಡಿ ಹಾಕಿದ ಲೆಕ್ಕ ಪುಸ್ತಕದಲ್ಲಿರುತ್ತದೆ, ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ. ಅದನ್ನು ಪರೀಕ್ಷಿಸುವ ಜ್ಞಾನ ಆರೋಗ್ಯ ಸಿಬ್ಬಂದಿಯಲ್ಲಿದೆ. ಇಬ್ಬರೂ ತಿಂಗಳಿಗೊಮ್ಮೆ ಒಂದೇ ಮೇಜಿನ ಮುಂದೆ ಕುಳಿತರೆ ವಾಂತಿಭೇದಿಯಿಂದ ಎಷ್ಟೋ ಮಕ್ಕಳು ಪಾರಾದಾರು.

ಚುನಾಯಿತರ ಮೇಲೂ ಒಂದು ಟೀಕೆ ಸಲ್ಲುತ್ತದೆ. ಕಣ್ಣಿಗೆ ಕಾಣುವ ಕಟ್ಟಡ, ಕಾಂಪೌಂಡು, ವೈದ್ಯರ ಹಾಜರಾತಿಯ ಬಗ್ಗೆ ಇರುವ ಉತ್ಸಾಹ, ಕಾಣದ ಕೆಲಸಗಳ ಬಗ್ಗೆ ಇರುವುದಿಲ್ಲ. ಕ್ಷಯರೋಗಿ ಆರು ತಿಂಗಳೂ ಮಾತ್ರೆ ನುಂಗಿದರೇ, ರಕ್ತಹೀನತೆಯಿರುವ ಗರ್ಭಿಣಿಗೆ ಕಬ್ಬಿಣಾಂಶದ ಮಾತ್ರೆ ಸಿಕ್ಕಿತೇ ಎಂಬುದು ಸಭೆಯ ಕಾರ್ಯಸೂಚಿಗೆ ಬರುವುದು ಅಪರೂಪ. ಊರಿನ ಜಾತಿ, ಬಲಾಬಲಗಳೂ ಸಮಿತಿಯೊಳಗೆ ಕಾಲಿಡುತ್ತವೆ. 2010ರಿಂದ ನಮ್ಮ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾಗಿದೆ. ಆದರೆ ಗಂಡ ಮಾತಾಡಿ ಹೆಂಡತಿ ಸಹಿ ಹಾಕುವ ಪರಿಪಾಠ ಎಲ್ಲಿ ಉಳಿದಿದೆಯೋ ಅಲ್ಲಿ ಹೆರಿಗೆಯ ಕಷ್ಟ ಸಭೆಯ ಮಾತಾಗುವುದಿಲ್ಲ. ಕೊನೆಯ ಕೇರಿಯ ದನಿ ಕೇಳದಿದ್ದರೆ ಅಧಿಕಾರ ರಾಜಧಾನಿಯಿಂದ ಊರ ಗೌಡರ ಮನೆಗೆ ಬಂತು ಎಂದಷ್ಟೇ ಅರ್ಥ.

ಚುನಾವಣೆ ಇಲ್ಲದ ವಿಕೇಂದ್ರೀಕರಣ

ಎಲ್ಲಕ್ಕಿಂತ ಗಂಭೀರವಾದ ಲೋಪ ಬೇರೆಯೇ ಇದೆ. ಕರ್ನಾಟಕದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿಯಿತು. ನಾಲ್ಕು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ. ಆಡಳಿತಾಧಿಕಾರಿಗಳೇ ಅವನ್ನು ನಡೆಸಿದರು. ಸದಸ್ಯರೇ ಇಲ್ಲದ ಮೇಲೆ ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿ ಎಲ್ಲಿಂದ ಬರಬೇಕು? 1992ರಲ್ಲಿ ಆದದ್ದು ಮತ್ತೆ ಆಗಬಾರದೆಂದು ಸಂವಿಧಾನವನ್ನೇ ತಿದ್ದಿದ್ದರೂ, ಪಂಚಾಯತ್ ರಾಜ್ಯಕ್ಕೆ ಮಾದರಿಯೆನಿಸಿದ ನಾಡಿನಲ್ಲೇ ಅದು ಮರುಕಳಿಸಿತು. ಗ್ರಾಮ ಪಂಚಾಯತಿಗಳ ಅವಧಿಯೂ 2020ರ ಮಧ್ಯದಲ್ಲಿ, ಕೋವಿಡ್ ಹರಡುತ್ತಿದ್ದಾಗಲೇ ಮುಗಿದಿತ್ತು. ಚುನಾವಣೆ ನಡೆದದ್ದು ಡಿಸೆಂಬರಿನಲ್ಲಿ. ಆ ಸಂಕಷ್ಟದಲ್ಲಿ ಊರಿಗೆ ಮರಳಿದವರಿಗೆ ಪ್ರತ್ಯೇಕ ವಾಸದ ಏರ್ಪಾಟು, ರೇಷನ್, ಜಾಗೃತಿ ಎಲ್ಲದಕ್ಕೂ ನೆರವಾದದ್ದು ಪಂಚಾಯತಿ ಮಟ್ಟದ ಕಾರ್ಯಪಡೆಗಳೇ. ಆಪತ್ತಿನಲ್ಲಿ ನೆನಪಾಗುವ ಸಂಸ್ಥೆಯನ್ನು ಸುದಿನಗಳಲ್ಲಿ ಮರೆಯುವುದು ನಮ್ಮ ಆಡಳಿತದ ಹಳೆಯ ರೋಗ.

ಹದಿನೈದನೆಯ ಹಣಕಾಸು ಆಯೋಗವು 2021-22ರಿಂದ 2025-26ರವರೆಗಿನ ಐದು ವರ್ಷಗಳಿಗೆ, ಸ್ಥಳೀಯ ಸಂಸ್ಥೆಗಳ ಮೂಲಕ ಆರೋಗ್ಯಕ್ಕೆಂದು ದೇಶಕ್ಕೆ 70,051 ಕೋಟಿ ರೂಪಾಯಿ ಶಿಫಾರಸು ಮಾಡಿತು. ಸ್ಥಳೀಯ ಸಂಸ್ಥೆಗೂ ಆರೋಗ್ಯಕ್ಕೂ ಇರುವ ನಂಟನ್ನು ಹಣದ ಭಾಷೆಯಲ್ಲಿ ಒಪ್ಪಿಕೊಂಡದ್ದು ಸ್ವಾಗತಾರ್ಹ. ಆದರೆ ಕಟ್ಟಡವಿಲ್ಲದ ಕೇಂದ್ರಗಳಿಗೆ ಕಟ್ಟಡ, ತಪಾಸಣಾ ಸೌಲಭ್ಯ, ಬ್ಲಾಕ್ ಮಟ್ಟದ ಘಟಕ ಎಂದು ಬಾಬತ್ತುಗಳನ್ನು ಮೊದಲೇ ಗೊತ್ತುಪಡಿಸಲಾಗಿತ್ತು. ಊರಿಗೆ ಏನು ಬೇಕು ಎಂದು ಊರು ಹೇಳುವುದಕ್ಕೆ ಉಳಿದ ಜಾಗ ಚಿಕ್ಕದು.

ಆಗಬೇಕಾದದ್ದು

ಮೇಲಿನ ವಿಮರ್ಶೆಯಿಂದ ಕೆಲವು ಸಲಹೆಗಳು ತಾವಾಗಿಯೇ ಹೊಮ್ಮುತ್ತವೆ.

1. ಪ್ರತಿ ಗ್ರಾಮ ಪಂಚಾಯತಿಗೆ ಒಂದು ಉಪಕೇಂದ್ರ ಎಂಬಂತೆ ಗಡಿಗಳನ್ನು ಹೊಂದಿಸಿ, ಅದರ ದೈನಂದಿನ ಮೇಲ್ವಿಚಾರಣೆ ಮತ್ತು ನಿರ್ವಹಣೆಯ ಹಣವನ್ನು ಪಂಚಾಯತಿಗೆ ವಹಿಸಬೇಕು.

2. ಪ್ರಾಥಮಿಕ ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯಲ್ಲಿ ಆ ವ್ಯಾಪ್ತಿಯ ಎಲ್ಲ ಗ್ರಾಮ ಪಂಚಾಯತಿಗಳ ಅಧ್ಯಕ್ಷರಿಗೂ ಸ್ಥಾನವಿರಬೇಕು.

3. ಮುಕ್ತ ನಿಧಿಯನ್ನು ಜನಸಂಖ್ಯೆಗೂ ಬೆಲೆ ಏರಿಕೆಗೂ ತಕ್ಕಂತೆ ಪರಿಷ್ಕರಿಸಬೇಕು. ಖರ್ಚಿನ ಪಟ್ಟಿಯನ್ನು ಮೇಲಿನಿಂದ ಕಳುಹಿಸುವ ಬದಲು, ಖರ್ಚಿನ ವಿವರವನ್ನು ಗ್ರಾಮ ಸಭೆಯಲ್ಲಿ ಓದುವುದು ಕಡ್ಡಾಯವಾಗಲಿ.

4. ಸಿಬ್ಬಂದಿಯ ನೇಮಕಾತಿ ರಾಜ್ಯದಲ್ಲಿರಲಿ. ಹಾಜರಾತಿಯ ದೃಢೀಕರಣ ಸ್ಥಳೀಯವಾಗಿರಲಿ. ಆದರೆ ಚಿಕಿತ್ಸೆಯ ತೀರ್ಮಾನದಲ್ಲಿ ಯಾವ ಸದಸ್ಯರೂ ಕೈಹಾಕದಂತೆ ವೈದ್ಯರಿಗೆ ರಕ್ಷಣೆ ಇರಬೇಕು.

5. ಆ ತಿಂಗಳ ಜನನ, ಮರಣ, ಲಸಿಕೆ, ಜ್ವರದ ಪ್ರಕರಣ, ನೀರಿನ ಪರೀಕ್ಷೆಯ ಫಲಿತಾಂಶಗಳನ್ನು, ಯಾರ ಹೆಸರೂ ಇಲ್ಲದಂತೆ, ಒಂದು ಪುಟದಲ್ಲಿ ಬರೆದು ಪಂಚಾಯತಿ ಕಚೇರಿಯ ಫಲಕಕ್ಕೆ ಅಂಟಿಸಬೇಕು. 'ನಮ್ಮ ಗ್ರಾಮ ನಮ್ಮ ಯೋಜನೆ'ಯಲ್ಲಿ ಆರೋಗ್ಯದ ಅಧ್ಯಾಯಕ್ಕೆ ಈ ಪುಟಗಳೇ ಆಧಾರವಾಗಲಿ.

6. ಪಂಚಾಯತಿ ಚುನಾವಣೆಗಳು ಐದು ವರ್ಷಕ್ಕೊಮ್ಮೆ ತಪ್ಪದೆ ನಡೆಯಬೇಕು. ಇದು ರಾಜಕೀಯದ ಮಾತಷ್ಟೇ ಅಲ್ಲ, ಆರೋಗ್ಯದ ಮಾತೂ ಹೌದು.

ವೈದ್ಯವಿಜ್ಞಾನ ಎಷ್ಟೇ ಮುಂದುವರಿದರೂ ಅದು ಹಳ್ಳಿಯ ಕೊನೆಯ ಮನೆಯನ್ನು ತಲುಪುವುದು ಒಂದು ವ್ಯವಸ್ಥೆಯ ಮೂಲಕವೇ. ಆ ವ್ಯವಸ್ಥೆಯನ್ನು ಪ್ರಶ್ನಿಸುವ ಹಕ್ಕು ಮತ್ತು ಸರಿಪಡಿಸುವ ಅಧಿಕಾರ ಎರಡೂ ಆ ಮನೆಯ ಹತ್ತಿರದಲ್ಲಿರಬೇಕು. ಆಶಾ ಕಾರ್ಯಕರ್ತೆ ಬೆಳಿಗ್ಗೆ ತೊಟ್ಟಿಯಲ್ಲಿ ಲಾರ್ವಾ ಕಂಡರೆ, ಅದೇ ಸಂಜೆ ನೀರುಗಂಟಿಗೆ ವಿಷಯ ತಿಳಿದು, ಆ ವಾರವೇ ನೀರು ಬಿಡುವ ದಿನ ಬದಲಾಗಬೇಕು. ಇಷ್ಟು ಆದ ದಿನ ಆರೋಗ್ಯ ಸೇವೆ ವಿಕೇಂದ್ರೀಕರಣಗೊಂಡಿದೆ ಎಂದು ಧೈರ್ಯವಾಗಿ ಹೇಳಬಹುದು.